ಅಂಗಳದ ಅಲಂಕಾರ ಮರ (ಉತ್ತರ ಬೆಂಗಳೂರು)

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದಂಥ ಬಡಾವಣೆಗಳ 30×40 ಅಡಿ ನಿವೇಶನದಲ್ಲಿ, ಮನೆ ಕಟ್ಟಿ ಉಳಿದ ಜಾಗಕ್ಕೆ ಹೊಂದುವ ಗಿಡ್ಡ ಮರ. ಸಂಪು, ಕಾಂಪೌಂಡು, ವಿದ್ಯುತ್ ತಂತಿ ಮೂರನ್ನೂ ನೋಡಿಕೊಂಡೇ ಗುಂಡಿ ತೋಡಬೇಕು.

ಜಪಾನಿನ ಮೇಪಲ್‌ಗೆ ಆಸೆಪಡುವವರುಂಟು. ಎಲೆ ಉದುರಿಸಿ ವಿಶ್ರಮಿಸಲು ಅದಕ್ಕೆ ಕೊರೆಯುವ ಚಳಿ ಬೇಕು. ಬೆಂಗಳೂರಿನ ಜನವರಿ ರಾತ್ರಿಯ ಸರಾಸರಿ ಸುಮಾರು 15 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಬಿಸಿಲಿಗೆ ಎಲೆಯಂಚು ಸುಡುತ್ತದೆ. ಹಣ ದಂಡ.

ಇಲ್ಲಿನ ಕೆಂಪು ಮಣ್ಣಿಗೆ ಪಾರಿಜಾತವೇ ಉತ್ತಮ. ಸಂಜೆ ಅರಳಿ ಬೆಳಗಿನೊಳಗೆ ಉದುರುವ ಬಿಳಿ ಹೂವಿಗೆ ಕಿತ್ತಳೆ ಬಣ್ಣದ ನಳಿಕೆ. ಎಲೆ ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು. ಹೂ ಮುಗಿದ ಮೇಲೆ ಸವರಿದರೆ ಎತ್ತರ ಹಿಡಿತದಲ್ಲಿರುತ್ತದೆ. ಬಿಳಿ ಮಂದಾರ ಎರಡು–ಮೂರು ಮೀಟರಿಗೇ ನಿಲ್ಲುತ್ತದೆ. ಮಧ್ಯ ಅಮೆರಿಕ ಮೂಲದ ದೇವಕಣಗಿಲೆಯ ಕೊಂಬೆಯನ್ನು, ಹಾಲು ಆರುವವರೆಗೆ ಕೆಲವು ದಿನ ನೆರಳಲ್ಲಿಟ್ಟು ನೆಡಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ.

1893ರಲ್ಲಿ ಭಾರತಕ್ಕೆ ಬಂದು, ವರ್ಷಗಳ ನಂತರ ಬೆಂಗಳೂರು ಸೇರಿದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್ ಒಂದರ ಹಿಂದೊಂದು ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದರು. ಆ ಜಕರಂಡಾ, ಗುಲ್‌ಮೊಹರ್ ರಸ್ತೆಗೇ ಚೆಂದ. ಕಾಂಪೌಂಡಿನೊಳಗೆ ನೆಟ್ಟರೆ ಗೋಡೆ ಬಿರುಕು ಬಿಡುವ ಅಪಾಯವಿದೆ.