ಮೊದಲು ಆಂಬುಲೆನ್ಸ್, ಆಮೇಲೆ ರೂಲ್ ಬುಕ್

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬೆರಿಯಾ ಅಂತ ಒಂದು ಊರು. ಅಲ್ಲಿನ ಕಾಲೇಜಿನ ಎದುರಿಗೆ ಗಾಟ್ ಅನ್ನುವವರು ಹೋಟೆಲ್ ನಡೆಸುತ್ತಿದ್ದರು. 1911ರಲ್ಲಿ ಕಾಲೇಜಿನವರು ಒಂದು ನಿಯಮ ತಂದರು: ತಮ್ಮ ಹಿಡಿತದಲ್ಲಿಲ್ಲದ ಹೋಟೆಲುಗಳಿಗೆ ವಿದ್ಯಾರ್ಥಿಗಳು ಹೋಗುವ ಹಾಗಿಲ್ಲ, ಹೋದರೆ ಕಾಲೇಜಿನಿಂದ ಹೊರಗೆ. ಗಿರಾಕಿಗಳು ತಪ್ಪಿಹೋದ ಗಾಟ್ ಕೋರ್ಟ್ ಮೆಟ್ಟಿಲು ಹತ್ತಿದರು. 1913ರಲ್ಲಿ ಬಂದ ತೀರ್ಪು ಕಾಲೇಜಿನ ಪರ. ಓದುವ ಮಕ್ಕಳ ಮಟ್ಟಿಗೆ ಕಾಲೇಜು ಅಪ್ಪ-ಅಮ್ಮನ ಜಾಗದಲ್ಲಿದೆ, ಹೆತ್ತವರು ಹಾಕಬಹುದಾದ ಕಟ್ಟಳೆಗಳನ್ನೆಲ್ಲ ಅದೂ ಹಾಕಬಹುದು ಅಂತ. ಅಪ್ಪನ ಅಧಿಕಾರ ಸಿಕ್ಕಿತು ಸರಿ, ಅಪ್ಪನ ಕರುಳು ಬಂತಾ ಅಂತ ಯಾರೂ ಕೇಳಲಿಲ್ಲ.

ಈ ಅಧಿಕಾರಕ್ಕೆ ಪೆಟ್ಟು ಬಿದ್ದದ್ದು ಕೂಡ ಊಟದ ಜಾಗದಿಂದಲೇ. 1960ರ ಫೆಬ್ರವರಿಯಲ್ಲಿ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಮಾಂಟ್ಗಮರಿ ಕೋರ್ಟ್ ಕಟ್ಟಡದ ಕ್ಯಾಂಟೀನಿಗೆ ಹೋಗಿ ಕೂತು ಊಟ ಕೇಳಿದರು. ಅದು ಬಿಳಿಯರಿಗೆ ಮಾತ್ರ ಇದ್ದ ಕ್ಯಾಂಟೀನು. ಕಾಲೇಜು ಒಂದು ಮಾತೂ ವಿಚಾರಿಸದೆ ಒಂಬತ್ತು ಜನರನ್ನು ತೆಗೆದುಹಾಕಿತು. ನೋಟಿಸ್ ಕೊಡದೆ, ಅವರ ಮಾತು ಕೇಳದೆ ಸರ್ಕಾರಿ ಕಾಲೇಜು ಹೀಗೆ ಮಾಡುವ ಹಾಗಿಲ್ಲ ಅಂತ 1961ರಲ್ಲಿ ಮೇಲಿನ ಕೋರ್ಟು ಹೇಳಿತು. ಅಲ್ಲಿಂದ ಅಮೆರಿಕದ ಕಾಲೇಜುಗಳು ನಿಧಾನಕ್ಕೆ ಅಪ್ಪನ ಪಾತ್ರ ಬಿಟ್ಟು, ಬರೆದಿಟ್ಟ ನಿಯಮಗಳ ಕಡೆ ಬಂದವು. ತಪ್ಪು ಇಂಥದ್ದು, ವಿಚಾರಣೆ ಹೀಗೆ, ಶಿಕ್ಷೆ ಇಷ್ಟು. ಇದು ಒಳ್ಳೆಯದೇ.

ಕುಡಿತದ ವಿಷಯಕ್ಕೆ ಬಂದಾಗ ಮಾತ್ರ ಈ ಪುಸ್ತಕ ಎಡವಿತು. 1971ರಲ್ಲಿ 18ಕ್ಕೇ ವೋಟು ಸಿಕ್ಕ ಮೇಲೆ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದ್ದವು. ಕುಡಿದು ಗಾಡಿ ಓಡಿಸಿ ಸಾಯುವ ಎಳೆಯರ ಸುದ್ದಿ ಹೆಚ್ಚಾಯಿತು. 1984ರಲ್ಲಿ ರೇಗನ್ ಸಹಿ ಹಾಕಿದ ಕಾನೂನು, ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ ಅಂದಿತು. ದುಡ್ಡಿನ ವಿಷಯ ಬಂದಾಗ ಯಾರು ತಾನೇ ಬಗ್ಗಲ್ಲ? 1988ರ ಹೊತ್ತಿಗೆ ಎಲ್ಲ 50 ರಾಜ್ಯಗಳೂ 21ಕ್ಕೆ ಬಂದಿದ್ದವು. ರಸ್ತೆಯ ಮಟ್ಟಿಗೆ ಈ ಕಾನೂನಿನಿಂದ ಜೀವಗಳು ಉಳಿದವು, ಅದನ್ನು ಒಪ್ಪಬೇಕು. ಆದರೆ ಕಾಲೇಜಿಗೆ ಸೇರೋದು 18ಕ್ಕೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಹತ್ತಿರಹತ್ತಿರ ಮೂರು ವರ್ಷ ಒಂದು ಬಿಯರೂ ತಪ್ಪು. ಕುಡಿತ ನಿಲ್ಲಲಿಲ್ಲ, ಬಾಗಿಲು ಹಾಕಿಕೊಂಡು ನಡೆಯಿತು ಅಷ್ಟೇ.

ಈಗ ರಾತ್ರಿ ಒಂದು ಗಂಟೆ ಅಂದುಕೊಳ್ಳಿ. ಗೆಳೆಯ ನೆಲದ ಮೇಲೆ ಬಿದ್ದಿದ್ದಾನೆ, ಅಲ್ಲಾಡಿಸಿದರೂ ಏಳುತ್ತಿಲ್ಲ. ಹೊಟ್ಟೆಯಲ್ಲಿರುವ ಆಲ್ಕೋಹಾಲ್ ಅವನು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ವಾಂತಿ ಶ್ವಾಸನಾಳಕ್ಕೆ ಹೋದರೆ ಮುಗೀತು. ಹತ್ತೊಂಬತ್ತರ ಹುಡುಗನ ಕೈಯಲ್ಲಿ ಫೋನ್ ಇದೆ. 911ಕ್ಕೆ ಕರೆ ಮಾಡಿದರೆ ಪೊಲೀಸರೂ ಬರಬಹುದು, ಇಬ್ಬರ ಮೇಲೂ ಶಿಸ್ತುಕ್ರಮ. 1998ರಲ್ಲಿ ಬಂದ ಕಾನೂನು ತಿದ್ದುಪಡಿಯ ಪ್ರಕಾರ 21 ದಾಟದ ವಿದ್ಯಾರ್ಥಿಯ ಕುಡಿತದ ತಪ್ಪನ್ನು ಕಾಲೇಜು ಮನೆಗೆ ತಿಳಿಸಬಹುದು. ಡ್ರಗ್ಸ್ ಇದ್ದು ಕೋರ್ಟಲ್ಲಿ ಅಪರಾಧ ಸಾಬೀತಾದರೆ ಓದಿನ ನೆರವೂ ಹೋಗುವ ಹಾಗೆ ಅದೇ ವರ್ಷ ಮಾಡಿದ್ದರು. 'ಬಿಡೋ, ಮಲ್ಕೊಂಡ್ರೆ ಸರಿಹೋಗ್ತಾನೆ' ಅನ್ನೋ ಮಾತು ಹುಟ್ಟೋದು ಇಲ್ಲೇ.

ಆ ಲೆಕ್ಕಾಚಾರ ನಮಗೇನೂ ಹೊಸದಲ್ಲ. ನಾನು ಬಿಇ ಓದುವಾಗ ಹಾಸ್ಟೆಲ್ ಗೇಟು ರಾತ್ರಿ ಒಂಬತ್ತಕ್ಕೆ ಬಂದ್. ಸೆಕೆಂಡ್ ಶೋ ಮುಗಿಸಿ ಕಾಂಪೌಂಡ್ ಹಾರುವಾಗ ಸೀನಿಯರ್ ಒಬ್ಬರು ಗೋಡೆ ಮೇಲಿನ ಗಾಜಿಗೆ ತೊಡೆ ಸೀಳಿಕೊಂಡರು. ಕಾಲೇಜಿನ ಜೀಪು ಅಲ್ಲೇ ನಿಂತಿತ್ತು. ಕೇಳಿದರೆ ಮನೆಗೆ ಪತ್ರ ಹೋಗುತ್ತೆ. ಹಳ್ಳಿ ಮನೆಗೆ ಇಂಗ್ಲಿಷ್ ಪತ್ರ ಬಂದ್ರೆ ಅಪ್ಪ ಅದನ್ನ ಹಿಡ್ಕೊಂಡು ಮೇಷ್ಟ್ರ ಮನೆಗೆ ಹೋಗ್ಬೇಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ರೂಮ್‌ಮೇಟ್‌ಗಳು ಟವೆಲ್ ಸುತ್ತಿ ಬೈಕಲ್ಲಿ ತ್ರಿಬಲ್ಸ್ ಕರಕೊಂಡು ಹೋದರು. ಬಾತ್‌ರೂಮಲ್ಲಿ ಜಾರಿದ್ದು ಅಂತ ಡಾಕ್ಟರಿಗೆ ಹೇಳಿದರು. ಶಿಕ್ಷೆಯ ಭಯ ಸಹಾಯವನ್ನು ತಡ ಮಾಡೋದಷ್ಟೇ ಅಲ್ಲ, ಡಾಕ್ಟರ ಕಿವಿಗೆ ಬೀಳುವ ಮಾಹಿತಿಯನ್ನೂ ಕೆಡಿಸುತ್ತೆ.

1997ರ ಸೆಪ್ಟೆಂಬರಿನಲ್ಲಿ ಎಂಐಟಿಗೆ ಆಗತಾನೇ ಸೇರಿದ್ದ 18ರ ಹುಡುಗನೊಬ್ಬ ಫ್ರೆಟರ್ನಿಟಿ ಮನೆಯಲ್ಲಿ, ಅಂದರೆ ವಿದ್ಯಾರ್ಥಿ ಸಂಘದ ಹುಡುಗರು ಒಟ್ಟಿಗೆ ಇರುವ ಮನೆಯಲ್ಲಿ, ವಿಪರೀತ ಕುಡಿದು ಪ್ರಜ್ಞೆ ತಪ್ಪಿದ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. 2000ದಲ್ಲಿ ಎಂಐಟಿ 60 ಲಕ್ಷ ಡಾಲರಿಗೆ ಕುಟುಂಬದ ಜೊತೆ ರಾಜಿ ಮಾಡಿಕೊಂಡಿತು. ಹೆಚ್ಚು ಚರ್ಚೆಯಾದ ಬದಲಾವಣೆ ಬಂದದ್ದು 2002ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಅದರ ಹೆಸರು ಮೆಡಿಕಲ್ ಅಮ್ನೆಸ್ಟಿ. ಕುಡಿದು ಅಪಾಯದಲ್ಲಿರುವವರಿಗಾಗಿ ನೀವು ಕರೆ ಮಾಡಿದರೆ, ಕುಡಿದ ತಪ್ಪಿಗೆ ನಿಮಗೂ ಶಿಕ್ಷೆ ಇಲ್ಲ, ಅವರಿಗೂ ಇಲ್ಲ. ಆದರೆ ಆಸ್ಪತ್ರೆಗೆ ಹೋಗಿ ಬಂದವರು ಆರೋಗ್ಯ ಕೇಂದ್ರದಲ್ಲಿ ಕೂತು ಕೌನ್ಸೆಲರ್ ಜೊತೆ ಮಾತಾಡಬೇಕು. ನನಗೆ ಮುಖ್ಯ ಅನ್ನಿಸೋದು ಈ ಎರಡನೇ ಭಾಗ.

ಎರಡು ವರ್ಷದ ಫಲಿತಾಂಶವನ್ನು ಅಲ್ಲಿಯವರೇ ಆದ ಲೂಯಿಸ್ ಮತ್ತು ಮಾರ್ಷೆಲ್ 2006ರಲ್ಲಿ ಪ್ರಕಟಿಸಿದರು. ಸಹಾಯದ ಕರೆಗಳು ಹೆಚ್ಚಾದವು, ಕುಡಿತದ ಮಟ್ಟ ಮಾತ್ರ ಹೆಚ್ಚುಕಮ್ಮಿ ಹಾಗೇ ಇತ್ತು. ಕ್ಷಮೆ ಕೊಟ್ಟರೆ ಹುಡುಗರು ಕೆಡ್ತಾರೆ ಅನ್ನುವವರು ಇದನ್ನು ಓದಬೇಕು. ಗೆಳೆಯನಿಗೆ ತೊಂದರೆಯಾಗಬಾರದು ಅಂತ ಕರೆ ಮಾಡದವರು ಶೇ 3.8ರಿಂದ ಶೇ 1.5ಕ್ಕೆ ಇಳಿದರು. ಚಿಕ್ಕ ಸಂಖ್ಯೆ, ನಿಜ. ಆದರೆ ಕೌನ್ಸೆಲಿಂಗ್‌ಗೆ ಬಂದವರು ಶೇ 22ರಿಂದ 52ಕ್ಕೆ ಏರಿದರು.

ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥವಾಗುತ್ತೆ. ಸರ್ವರ್ ಬಿದ್ದಾಗ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಮಾಡ್ತೀವಲ್ಲ, ಅಂಥ ಯೋಚನೆಯನ್ನು ವಿಮಾನದವರು ಬಹಳ ಮೊದಲೇ ಮಾಡಿದ್ದರು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ವಿಮಾನವೊಂದು ವಾಷಿಂಗ್ಟನ್ ಹತ್ತಿರ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಆರು ವಾರ ಮುಂಚೆ ಬೇರೆ ಕಂಪನಿಯ ವಿಮಾನ ಅಲ್ಲೇ ಕೂದಲೆಳೆಯಲ್ಲಿ ಪಾರಾಗಿತ್ತು, ಸುದ್ದಿ ಮಾತ್ರ ಆ ಕಂಪನಿಯೊಳಗೇ ಉಳಿಯಿತು. 1976ರಲ್ಲಿ ನಾಸಾ ಕೈಗೆ ಕೊಟ್ಟ ವರದಿ ವ್ಯವಸ್ಥೆಯಲ್ಲಿ, ಬೇಕಂತಲೇ ಮಾಡಿರದ ತಪ್ಪನ್ನು ಪೈಲಟ್ ಹತ್ತು ದಿನದೊಳಗೆ ಬರೆದು ಕಳಿಸಿದರೆ ಸಾಮಾನ್ಯವಾಗಿ ದಂಡ ಮಾಫಿ.

ಕಾಲೇಜುಗಳಲ್ಲಿ ಈ ಕ್ಷಮೆ ಕುಡಿತದಾಚೆಗೂ ಹೋಯಿತು. ಲೈಂಗಿಕ ದೌರ್ಜನ್ಯದ ದೂರು ಕೊಡಬೇಕಾದ ಹುಡುಗಿ ತಾನು ಕುಡಿದಿದ್ದೆ ಅಂತಲೂ ಹೇಳಬೇಕಾಗುತ್ತೆ. ಅದೇ ಅವಳ ಮೇಲೆ ತಿರುಗಬಾರದು ಅಂತ ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂಯಾರ್ಕ್ 2015ರಲ್ಲಿ ಕಾನೂನನ್ನೇ ಮಾಡಿದವು.

ಎಂಎಸ್ ಮಾಡೋಕೆ ಹೊರಟಿರುವ ತಮ್ಮಂದಿರು ತಂಗಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಒಂದು ಮಾತು: ಕಾಲೇಜಿನ ಕ್ಷಮೆ ಕಾಲೇಜಿನದು ಮಾತ್ರ. ಅದು ಪೊಲೀಸರನ್ನಾಗಲೀ ವೀಸಾ ಕೊಡುವವರನ್ನಾಗಲೀ ಕಟ್ಟಿಹಾಕಲ್ಲ. ರಾಜ್ಯದ ಕಾನೂನು ಬೇರೆ, ಅದನ್ನೂ ಓದಿಕೊಂಡು ಹೋಗಲಿ. ಏನೇ ಇದ್ದರೂ ಫೋನ್ ಮಾತ್ರ ಮಾಡಲಿ.

ಕಾಗದದ ಮೇಲೆ ಕ್ಷಮೆ ಇದ್ದರೆ ಸಾಲದು ಅಂತ ಗೊತ್ತಾದದ್ದು ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ 2011ರಿಂದಲೇ ಕರೆ ಮಾಡಿದವರಿಗೆ ರಕ್ಷಣೆಯ ಕಾನೂನಿತ್ತು. ಆದರೂ 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಟರ್ನಿಟಿ ಮನೆಯೊಂದರಲ್ಲಿ, ಕುಡಿಸಿದ ಮೇಲೆ ಮೆಟ್ಟಿಲಿಂದ ಉರುಳಿಬಿದ್ದ 19ರ ಹುಡುಗನಿಗೆ ಸುಮಾರು 12 ಗಂಟೆ ಆಂಬುಲೆನ್ಸ್ ಕರೆಸಲಿಲ್ಲ. ಅಂಗಾತ ಮಲಗಿ ವಾಂತಿ ಗಂಟಲಿಗೆ ಸಿಕ್ಕದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಅವನ ಬೆನ್ನಿಗೆ ಕಟ್ಟಿದ್ದರು. ಅಂದರೆ ಅಪಾಯ ಗೊತ್ತಿತ್ತು. ಆಸ್ಪತ್ರೆಗೆ ಕಳಿಸೋಣ ಅಂದ ಒಬ್ಬನನ್ನು ಪಕ್ಕಕ್ಕೆ ತಳ್ಳಿದರು. ಹೊಸಬರಿಗೆ ಬಲವಂತವಾಗಿ ಕುಡಿಸಿದ್ದು ನಮ್ಮಲ್ಲಿನ ರ‍್ಯಾಗಿಂಗ್ ಥರದ್ದು, ಹಳೆಯ ಕಾನೂನಿನ ಕ್ಷಮೆ ಅದಕ್ಕಿರಲಿಲ್ಲ. ಸಂಘದ ಮನೆಯನ್ನೇ ಮುಚ್ಚಿಸುತ್ತಾರೆ ಅನ್ನೋ ಭಯಕ್ಕಂತೂ ಯಾವ ಔಷಧವೂ ಇರಲಿಲ್ಲ.

2018ರ ಅಕ್ಟೋಬರಿನಲ್ಲಿ ಆ ಹುಡುಗನ ಹೆಸರಲ್ಲೇ ಹೊಸ ಕಾನೂನು ಬಂತು. ಸಾವಿಗೆ ಕಾರಣವಾಗುವಂಥ ರ‍್ಯಾಗಿಂಗ್ ಘೋರ ಅಪರಾಧವಾಯಿತು. ಅದರೊಳಗೇ ಒಂದು ಕ್ಷಮೆಯ ಕಲಮನ್ನೂ ಇಟ್ಟರು: ಮೊದಲು ಸಹಾಯಕ್ಕೆ ಕರೆದವನು ತನ್ನ ನಿಜವಾದ ಹೆಸರು ಹೇಳಬೇಕು, ಆಂಬುಲೆನ್ಸ್ ಬರುವವರೆಗೆ ಬಿದ್ದವನ ಪಕ್ಕದಲ್ಲೇ ಇರಬೇಕು.