ಸಿಟಿ ಹಾಲ್ ನಿಲ್ದಾಣ, ನ್ಯೂಯಾರ್ಕ್

ನ್ಯೂಯಾರ್ಕ್ ನಗರದ ಮೊದಲ ಸುರಂಗ ರೈಲುಮಾರ್ಗದ ದಕ್ಷಿಣ ತುದಿಯ ನಿಲ್ದಾಣ. ಮ್ಯಾನ್‌ಹ್ಯಾಟನ್‌ನ ಕೆಳಭಾಗದಲ್ಲಿ, ನಗರಾಡಳಿತ ಭವನದ ಉದ್ಯಾನದ ಅಡಿಯಲ್ಲಿದೆ. 1904ರ ಅಕ್ಟೋಬರ್ 27ರಂದು ಆರಂಭವಾಗಿ 1945ರ ಡಿಸೆಂಬರ್ 31ರಂದು ಮುಚ್ಚಿತು. ರೈಲುಗಳು ಈಗಲೂ ಇದರೊಳಗೆ ಹಾದುಹೋಗುತ್ತವೆ, ಆದರೆ ನಿಲ್ಲುವುದಿಲ್ಲ. ಇದೇ ಹೆಸರಿನಲ್ಲಿ ಬ್ರಾಡ್‌ವೇ ರಸ್ತೆಯ ಕೆಳಗೆ ಇಂದಿಗೂ ಬಳಕೆಯಲ್ಲಿರುವ ನಿಲ್ದಾಣವೇ ಬೇರೆ.

ನೆಲದಡಿಯ ರೈಲಿನ ಯೋಚನೆ ಈ ಪೇಟೆಗೆ ಹೊಸದಾಗಿರಲಿಲ್ಲ. 1870ರಲ್ಲಿ ಆಲ್ಫ್ರೆಡ್ ಬೀಚ್ ಎಂಬಾತ ಇದೇ ಆಸುಪಾಸಿನಲ್ಲಿ ಸುರಂಗ ಕೊರೆದು, ಗಾಳಿಯ ಒತ್ತಡದಿಂದ ಬೋಗಿಯೊಂದನ್ನು ಓಡಿಸಿ ತೋರಿಸಿದ್ದ. ಅದು ಪ್ರದರ್ಶನದ ಮಟ್ಟವನ್ನು ದಾಟಲಿಲ್ಲ. 1888ರ ಮಾರ್ಚ್‌ನ ಹಿಮಪಾತದಲ್ಲಿ ಟ್ರಾಮುಗಳೂ ಕಂಬಗಳ ಮೇಲೆ ಓಡುತ್ತಿದ್ದ ರೈಲುಗಳೂ ನಿಂತಲ್ಲೇ ನಿಂತಾಗ ಮಾತ್ರ ಊರಿಗೆ ಸುರಂಗದ ಅಗತ್ಯ ಮನದಟ್ಟಾಯಿತು. ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್ ಯುರೋಪಿಗೆ ಹೋಗಿ ಅಲ್ಲಿನ ಮಾರ್ಗಗಳನ್ನು ನೋಡಿ ಬಂದ. 1900ರ ಮಾರ್ಚ್ 24ರಂದು ನಗರಾಡಳಿತ ಭವನದ ಎದುರಿಗೇ ಮೇಯರ್ ವ್ಯಾನ್ ವಿಕ್ ಬೆಳ್ಳಿಯ ಗುದ್ದಲಿಯಿಂದ ಮಣ್ಣು ತೆಗೆದ. ಮಾರ್ಗದ ಬಹುಭಾಗವನ್ನು ಕಟ್ಟಿದ ಬಗೆ ಸರಳ: ರಸ್ತೆಯನ್ನು ತೋಡುವುದು, ತೋಡಿದ ಕಾಲುವೆಯಲ್ಲಿ ಉಕ್ಕು ಮತ್ತು ಕಾಂಕ್ರೀಟಿನ ಗೂಡು ಕಟ್ಟುವುದು, ಮೇಲೆ ಮತ್ತೆ ರಸ್ತೆ ಹಾಸುವುದು. ಹಣ ಹೂಡಿದವನು ಬ್ಯಾಂಕರ್ ಆಗಸ್ಟ್ ಬೆಲ್ಮಾಂಟ್.

ಉದ್ಘಾಟನೆಯ ದಿನ ಮೊದಲ ರೈಲು ಹೊರಟದ್ದು ಇಲ್ಲಿಂದಲೇ. ಮೇಯರ್ ಜಾರ್ಜ್ ಮೆಕ್ಲೆಲನ್ ಕೈಗೆ ಚಾಲಕನ ಹಿಡಿಕೆ ಕೊಟ್ಟದ್ದು ಶಾಸ್ತ್ರಕ್ಕೆ. ಆತ ಅದನ್ನು ಬಿಟ್ಟುಕೊಡಲು ಒಪ್ಪದೆ 103ನೇ ಬೀದಿಯವರೆಗೂ ತಾನೇ ಓಡಿಸಿದ. ಜೊತೆಗಿದ್ದ ಅಧಿಕಾರಿಗಳ ಎದೆಬಡಿತ ಹೇಗಿದ್ದಿರಬೇಕೆಂದು ಊಹಿಸಬಹುದು. ಸಂಜೆ ಏಳಕ್ಕೆ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಎಷ್ಟು ದೂರ ಹೋದರೂ ಟಿಕೆಟ್ ಐದು ಸೆಂಟ್.

ವಿನ್ಯಾಸ. ನಿಲ್ದಾಣದ ಎಲ್ಲ ಗುಣದೋಷಗಳ ಮೂಲ ಅದರ ಹಳಿ. ಲೋಕಲ್ ರೈಲುಗಳು ಹಿಂದುಮುಂದಾಗುವ ಗೋಜಿಲ್ಲದೆ ಉತ್ತರಕ್ಕೆ ತಿರುಗಲೆಂದು ಇಲ್ಲಿ ಒಂದೇ ಹಳಿಯ ಬಿಗಿಯಾದ ಕುಣಿಕೆ ಮಾಡಿದರು. ಕುಣಿಕೆಯ ಹೊರಮಗ್ಗುಲಲ್ಲಿ, ಹಳಿಯಷ್ಟೇ ಬಾಗಿದ ಒಂದೇ ಪ್ಲಾಟ್‌ಫಾರ್ಮ್. ಅದರ ಉದ್ದ ಐದು ಬೋಗಿಗಳ ರೈಲಿಗೆ ಸಾಕಾಗುವಷ್ಟು. ಪ್ಲಾಟ್‌ಫಾರ್ಮಿನಿಂದ ಅಗಲವಾದ ಮೆಟ್ಟಿಲೇರಿದರೆ ಟಿಕೆಟ್ ಕಟ್ಟೆಯಿದ್ದ ನಡುಅಂತಸ್ತು, ಅಲ್ಲಿಂದ ಇನ್ನಷ್ಟು ಮೆಟ್ಟಿಲೇರಿದರೆ ಉದ್ಯಾನ.

ಮಾರ್ಗದ ಇತರ ಹೆಚ್ಚಿನ ನಿಲ್ದಾಣಗಳಲ್ಲಿ ಉಕ್ಕಿನ ಕಂಬಗಳ ಸಾಲು, ಮೇಲೆ ಚಪ್ಪಟೆ ಚಾವಣಿ. ವಾಸ್ತುಶಿಲ್ಪಿಗಳಾದ ಹೈನ್ಸ್ ಮತ್ತು ಲಫಾರ್ಜ್ ಇಲ್ಲಿ ಒಂದು ಕಂಬವನ್ನೂ ನಿಲ್ಲಿಸಲಿಲ್ಲ. ನಗರದ ಆಡಳಿತಗಾರರ ಮನೆಬಾಗಿಲಿನ ನಿಲ್ದಾಣವಾದ್ದರಿಂದ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲವೆಂದು ಕಾಣುತ್ತದೆ. ಚಾವಣಿ ರಾಫೆಲ್ ಗುವಾಸ್ತವಿನೊನ ಪದ್ಧತಿಯದು. ಸ್ಪೇನಿನ ವೆಲೆನ್ಸಿಯಾದಲ್ಲಿ ಹುಟ್ಟಿ 1881ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಈತ ತೆಳುವಾದ ಸುಟ್ಟ ಬಿಲ್ಲೆಗಳನ್ನು ಬೇಗ ಬಿಗಿಯುವ ಗಾರೆಯಲ್ಲಿ ಪದರದ ಮೇಲೆ ಪದರವಾಗಿ ಅಂಟಿಸಿ ಕಮಾನು ಕಟ್ಟುತ್ತಿದ್ದ. ನಮ್ಮ ಹಳೆಯ ಮನೆಗಳ ಮದ್ರಾಸ್ ತಾರಸಿಯಲ್ಲಿ ಸಣ್ಣ ಇಟ್ಟಿಗೆಗಳನ್ನು ಮರದ ತೊಲೆಗಳ ಮೇಲೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಇಲ್ಲಿ ಬಿಲ್ಲೆ ಮಲಗಿರುತ್ತದೆ, ತೊಲೆಯೇ ಇರುವುದಿಲ್ಲ, ಭಾರವನ್ನೆಲ್ಲ ಬಾಗು ಹೊರುತ್ತದೆ. ಕಮಾನುಗಳ ಅಂಚಿಗೆ ಹಸಿರು ಮತ್ತು ಕಂದು ಮೆರುಗಿನ ಬಿಲ್ಲೆ, ನಡುವೆ ಕೆನೆಬಣ್ಣ. ಹಿತ್ತಾಳೆಯ ತೂಗುದೀಪಗಳ ಜೊತೆಗೆ, ಉದ್ಯಾನದ ನೆಲಕ್ಕೆ ತೆರೆದ ಸೀಸದ ಚೌಕಟ್ಟಿನ ಗಾಜುಗಂಡಿಗಳಿಂದ ಹಗಲಿನ ಬೆಳಕೂ ಇಳಿಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ, ರಾತ್ರಿ ಬೆಳಕು ಹೊರಬೀಳದಿರಲೆಂದು, ಆ ಗಾಜಿಗೆ ಡಾಂಬರು ಬಳಿದರು.

ಮುಚ್ಚಿದ ಕಾರಣ. ಜನ ಇಲ್ಲಿಗೆ ಬರಲೇ ಇಲ್ಲ ಎಂದರೂ ತಪ್ಪಾಗದು. ಎಕ್ಸ್‌ಪ್ರೆಸ್ ರೈಲುಗಳು ನಿಲ್ಲುತ್ತಿದ್ದ ಬ್ರೂಕ್ಲಿನ್ ಬ್ರಿಜ್ ನಿಲ್ದಾಣ ಕೂಗಳತೆಯಲ್ಲಿತ್ತು. ಸೇತುವೆಯ ಟ್ರಾಮುಗಳಿಗೂ ಅದೇ ಹತ್ತಿರ. ಕೊನೆಗಾಲದಲ್ಲಿ ಸಿಟಿ ಹಾಲ್ ಬಳಸುತ್ತಿದ್ದವರು ದಿನಕ್ಕೆ ಸುಮಾರು 600 ಮಂದಿ.

ಇನ್ನೊಂದು ತೊಡಕು ರೇಖಾಗಣಿತದ್ದು. ಬೋಗಿ ನೇರ, ಪ್ಲಾಟ್‌ಫಾರ್ಮ್ ಬಾಗು. ಪ್ಲಾಟ್‌ಫಾರ್ಮ್ ಹೊರಮಗ್ಗುಲಲ್ಲಿದ್ದರೆ ಬೋಗಿಯ ಎರಡು ತುದಿಗಳು ಅಂಚಿಗೆ ತಾಗುವಷ್ಟು ಹತ್ತಿರ ಬರುತ್ತವೆ, ಹೊಟ್ಟೆಭಾಗ ದೂರ ಉಳಿಯುತ್ತದೆ. 1904ರ ಬೋಗಿಗಳಿಗೆ ಬಾಗಿಲು ತುದಿಗಳಲ್ಲಷ್ಟೇ ಇದ್ದುದರಿಂದ ಯಾರಿಗೂ ಅಡಚಣೆಯಾಗಲಿಲ್ಲ. ನೂಕುನುಗ್ಗಲು ಹೆಚ್ಚಿ ನಡುವೆಯೂ ಬಾಗಿಲು ಇಟ್ಟ ಮೇಲೆ, ಆ ಬಾಗಿಲಿಂದ ಕಾಲಿಟ್ಟರೆ ಸಂದಿಗೆ ಬೀಳುವ ಅಪಾಯ ಬಂತು. ಲೋಕಲ್ ರೈಲುಗಳನ್ನು ಉದ್ದ ಮಾಡುವ ತೀರ್ಮಾನವಾದಾಗ ಪ್ಲಾಟ್‌ಫಾರ್ಮ್ ಹಿಗ್ಗಿಸುವುದೂ ಕಷ್ಟವಾಯಿತು. ಮ್ಯಾನ್‌ಹ್ಯಾಟನ್‌ನ ದಕ್ಷಿಣ ಕೊನೆಯ ಸೌತ್ ಫೆರಿ ನಿಲ್ದಾಣಕ್ಕೂ ಇಂಥದೇ ಕುಣಿಕೆಯ ಕಾಟವಿತ್ತು. ಅಲ್ಲಿ ಹಡಗುಕಟ್ಟೆಯ ಜನಸಂದಣಿ ಇದ್ದುದರಿಂದ, ಸಂದಿ ಮುಚ್ಚಲು ಚಾಚಿಕೊಳ್ಳುವ ಲೋಹದ ಹಲಗೆಗಳನ್ನು ಕೂರಿಸಿ ದಶಕಗಳ ಕಾಲ ನಡೆಸಿದರು. 600 ಮಂದಿಗಾಗಿ ಅಷ್ಟು ಮಾಡುವ ಉಮೇದು ಯಾರಿಗೂ ಇರಲಿಲ್ಲ.

ನಂತರ. 1979ರಲ್ಲಿ ನಗರದ ಸಂರಕ್ಷಿತ ಒಳಾಂಗಣವೆಂದೂ 2004ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದೂ ದಾಖಲಾಯಿತು. 1990ರ ದಶಕದಲ್ಲಿ ಇದನ್ನು ಸಾರಿಗೆ ವಸ್ತುಸಂಗ್ರಹಾಲಯದ ಶಾಖೆಯಾಗಿಸುವ ಯೋಜನೆ ಹೊರಟು, ಮೇಲಿನ ಭವನದ ಭದ್ರತೆಯ ನೆಪದಲ್ಲಿ ನಿಂತುಹೋಯಿತು. ಈಗ ಆ ವಸ್ತುಸಂಗ್ರಹಾಲಯ ತನ್ನ ಸದಸ್ಯರನ್ನು ಆಗಾಗ ಒಳಗೆ ಕರೆದೊಯ್ಯುತ್ತದೆ. ಉಳಿದವರಿಗೆ ಇರುವ ದಾರಿ 6ನೇ ಸಂಖ್ಯೆಯ ಲೋಕಲ್ ರೈಲು: ಕೊನೆಯ ನಿಲ್ದಾಣವಾದ ಬ್ರೂಕ್ಲಿನ್ ಬ್ರಿಜ್‌ನಲ್ಲಿ ಇಳಿಯದೆ ಕುಳಿತರೆ ಅದು ಕುಣಿಕೆ ಸುತ್ತಿಕೊಂಡು ಬರುತ್ತದೆ. ಪ್ಲಾಟ್‌ಫಾರ್ಮ್ ಕಾಣಬೇಕಾದರೆ ರೈಲು ಸಾಗುವ ದಿಕ್ಕಿನ ಬಲಗಡೆಯ ಕಿಟಕಿ ಹಿಡಿಯಬೇಕು.