ಕೊಳೆಯೊಳಗಿನ ಸಿಹಿ: ಇಕೆಮ್ ತೋಟದ ಚರಿತ್ರೆ

ಮಲೆನಾಡಿನ ಅಡಕೆ ಬೆಳೆಗಾರರ ಮನೆಗಳಲ್ಲಿ 'ಕೊಳೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಳೆಗಾಲದ ಆತಂಕವೆಲ್ಲ ಕಣ್ಮುಂದೆ ನಿಲ್ಲುತ್ತದೆ. ತೇವದಲ್ಲಿ ಹಬ್ಬುವ ಆ ರೋಗ ವರ್ಷದ ಫಸಲನ್ನೇ ನುಂಗಬಲ್ಲದು. ಅಂಥ ನೆಲದ ನೆನಪನ್ನು ಹೊತ್ತು ಹೊರನಾಡಿನಲ್ಲಿ ನೆಲೆಸಿರುವ ನಮಗೆ, ಹಣ್ಣಿಗೆ ಕೊಳೆ ಹಿಡಿಯಲೆಂದೇ ಕಾದು ಕೂರುವ ತೋಟವೊಂದಿದೆ ಎಂದರೆ ಅಚ್ಚರಿಯಾಗುವುದು ಸಹಜ. ಫ್ರಾನ್ಸಿನ ಬೋರ್ಡೋ ನಗರದ ಆಗ್ನೇಯಕ್ಕೆ, ಸೋತೆರ್ನ್ ಸೀಮೆಯ ದಿಬ್ಬವೊಂದರ ಮೇಲಿರುವ ಇಕೆಮ್ ಅಂಥ ದ್ರಾಕ್ಷಿತೋಟ.

ಅಲ್ಲಿ ಸಿರೋನ್ ಎಂಬ ತಣ್ಣನೆಯ ಕಿರುಹೊಳೆ, ಅದಕ್ಕಿಂತ ಬೆಚ್ಚಗಿರುವ ಗರೋನ್ ನದಿಯನ್ನು ಸೇರುತ್ತದೆ. ಶರತ್ಕಾಲದ ಬೆಳಗುಗಳಲ್ಲಿ ಇದರಿಂದ ಮಂಜು ಕವಿಯುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ಕರಗಿಸುತ್ತದೆ. ಮಂಜಿನಲ್ಲಿ ಬೊಟ್ರೈಟಿಸ್ ಎಂಬ ಶಿಲೀಂಧ್ರ ದ್ರಾಕ್ಷಿಯ ಸಿಪ್ಪೆಯನ್ನು ತೂತುಗೊಳಿಸಿದರೆ, ಬಿಸಿಲಿನಲ್ಲಿ ಹಣ್ಣಿನ ನೀರು ಆರಿ, ಸಕ್ಕರೆಯೂ ಹುಳಿಯೂ ಪರಿಮಳವೂ ಸಾಂದ್ರವಾಗುತ್ತವೆ. ಬಿಸಿಲು ಕೈಕೊಟ್ಟರೆ ಅದೇ ಶಿಲೀಂಧ್ರ ಹಣ್ಣನ್ನು ಬರಿಯ ಕೊಳೆಯಾಗಿಸುತ್ತದೆ. ಎಲ್ಲ ಹಣ್ಣೂ ಒಮ್ಮೆಗೇ ಹದಕ್ಕೆ ಬರುವುದಿಲ್ಲವಾದ್ದರಿಂದ, ಕೊಯ್ಲಿನವರು ವಾರಗಟ್ಟಲೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಸುತ್ತಿ, ಸುಕ್ಕುಗಟ್ಟಿದ ಹಣ್ಣುಗಳನ್ನಷ್ಟೇ ಆಯುತ್ತಾರೆ. ಒಂದು ಬಳ್ಳಿಯಿಂದ ದೊರೆಯುವ ವೈನ್ ಸುಮಾರು ಒಂದು ಲೋಟದಷ್ಟು ಮಾತ್ರ. ಆಮೇಲೆ ಅದು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಳ ಕಾಲ ಮಾಗಬೇಕು.

1593ರಲ್ಲಿ ಈ ಜಮೀನಿನ ಹಕ್ಕು ಸೋವಾಜ್ ಮನೆತನಕ್ಕೆ ಬಂತು. 1785ರಲ್ಲಿ ಆ ಮನೆಯ ಫ್ರಾಂಸ್ವಾಸ್ ಜೋಸೆಫೀನ್ ಲೂರ್-ಸಾಲ್ಯೂಸ್ ವಂಶದ ಕೌಂಟ್‌ನನ್ನು ಮದುವೆಯಾದರು. ಮೂರೇ ವರ್ಷಗಳಲ್ಲಿ ಪತಿ ತೀರಿಕೊಂಡ. ಮರುವರ್ಷ ಮಹಾಕ್ರಾಂತಿ ಬಂತು. ಸೆರೆವಾಸವನ್ನೂ ಅನುಭವಿಸಿದ ಆ ತರುಣ ವಿಧವೆ ತೋಟವನ್ನು ಕೈಬಿಡಲಿಲ್ಲ. 1826ರಲ್ಲಿ ಅವರು ವೈನ್ ಮಾಗಿಸಲೆಂದೇ ಕಟ್ಟಡವೊಂದನ್ನು ಕಟ್ಟಿಸಿದರು. ಅವರು ತೀರಿಕೊಂಡದ್ದು 1851ರಲ್ಲಿ. ನಾಲ್ಕು ವರ್ಷಗಳ ತರುವಾಯ ಬೋರ್ಡೋ ವೈನ್‌ಗಳ ಶ್ರೇಣಿಯನ್ನು ನಿಗದಿಪಡಿಸಿದಾಗ, ಸೋತೆರ್ನ್ ಸೀಮೆಯ ತೋಟಗಳಲ್ಲಿ ಇಕೆಮ್ ಒಂದನ್ನೇ ಉಳಿದೆಲ್ಲಕ್ಕಿಂತ ಮೇಲಿನ ಪ್ರತ್ಯೇಕ ದರ್ಜೆಯಲ್ಲಿ ಇಡಲಾಯಿತು.

ಆದರೂ ಜನಪ್ರಿಯ ದಂತಕಥೆ ಹೇಳುವುದೇ ಬೇರೆ. 1847ರಲ್ಲಿ ಯಜಮಾನರು ರಷ್ಯಾದಿಂದ ಮರಳುವುದು ತಡವಾಗಿ, ಅಷ್ಟರಲ್ಲಿ ಹಣ್ಣು ಕೊಳೆತು, ಆಕಸ್ಮಿಕವಾಗಿ ಈ ವೈನ್ ಹುಟ್ಟಿತಂತೆ! ಆ ಸೀಮೆಯಲ್ಲಿ ತಡವಾಗಿ ಆಯ್ದು ಕೊಯ್ಯುವ ರೂಢಿ ಅದಕ್ಕೂ ಹಳೆಯದು. ಅನೇಕರ ದೀರ್ಘ ದುಡಿಮೆಯನ್ನು ಒಬ್ಬರ ಅದೃಷ್ಟದ ಲೆಕ್ಕಕ್ಕೆ ಬರೆಯುವ ಇಂಥ ಕತೆಗಳನ್ನು ನಾವು ಎಚ್ಚರದಿಂದ ಓದಬೇಕು.

ಆ ದುಡಿಮೆಯ ಶಿಸ್ತು ಸ್ಪಷ್ಟವಾಗಿ ಕಾಣುವುದು ಕೆಟ್ಟ ವರ್ಷಗಳಲ್ಲಿ. 1910, 1930, 1952, 1972, 1992ರಂಥ ವರ್ಷಗಳಲ್ಲಿ ಇಕೆಮ್ ತನ್ನ ಹೆಸರಿನ ಸಿಹಿ ವೈನನ್ನು ಹೊರತರಲೇ ಇಲ್ಲ. 1990ರ ದಶಕದ ಕೊನೆಗೆ, ಮನೆತನದೊಳಗಿನ ವ್ಯಾಜ್ಯದ ನಡುವೆ, ತೋಟವು ಎಲ್‌ವಿಎಂಎಚ್ ಎಂಬ ದೊಡ್ಡ ಉದ್ಯಮ ಸಮೂಹದ ಪಾಲಾಯಿತು. ಲಾಭವನ್ನೇ ನೋಡುವ ಕಂಪನಿಯ ಕೈಯಲ್ಲಿ ಹಳೆಯ ಕಟ್ಟುನಿಟ್ಟು ಉಳಿದೀತೇ ಎಂಬ ಪ್ರಶ್ನೆ ಏಳುವುದು ಸಹಜವೇ. ಉತ್ತರ ದೊರೆತದ್ದು 2012ರಲ್ಲಿ. ಆ ವರ್ಷ ಹವಾಮಾನ ಒಲಿಯಲಿಲ್ಲ. ಇಕೆಮ್ ಹೆಸರಿನ ಸಿಹಿ ವೈನ್ ಒಂದು ಬಾಟಲಿಯೂ ಮಾರುಕಟ್ಟೆಗೆ ಬರಲಿಲ್ಲ.